ಹಾಡು ಎಲ್ಲರನ್ನೂ ಕುಣಿಸಿತು, ಹೆಸರು ಎಲ್ಲಿ ಹೋಯ್ತು?

ಕಳೆದ ವರ್ಷ ನಮ್ಮ ಆಫೀಸಿನ ಆ್ಯನ್ಯುಯಲ್ ಡೇಗೆ ಟೀಮ್ ಡ್ಯಾನ್ಸ್ ಮಾಡೋಣ ಅಂತ ತೀರ್ಮಾನವಾಯ್ತು. ಯಾವ ಹಾಡು ಅನ್ನೋ ಚರ್ಚೆ ಐದು ನಿಮಿಷವೂ ನಡೆಯಲಿಲ್ಲ. ‘ಎಂಜಾಯ್ ಎಂಜಾಮಿ’ ಅಂದರು ಯಾರೋ. ಎಲ್ಲರೂ ಓಕೆ. ತಮಿಳು ಬಾರದವರಿಗೂ ಗೊತ್ತಿರೋ ಹಾಡು, ಬೀಟ್ ಚೆನ್ನಾಗಿದೆ, ಸ್ಟೆಪ್ಸ್ ಸುಲಭ. ಜೊತೆಗೆ ಎಲ್ಲರಿಗೂ ಕೂಲಿಂಗ್ ಗ್ಲಾಸ್. ಸಂಜೆ ಆರರ ನಂತರ ಕೆಫೆಟೇರಿಯಾದ ಟೇಬಲ್ ಸರಿಸಿ ಪ್ರಾಕ್ಟೀಸ್ ಶುರು ಮಾಡಿದೆವು.

ಟೀಮಿನಲ್ಲಿ ಸುಳ್ಯದ ಹುಡುಗನೊಬ್ಬನಿದ್ದಾನೆ. ನಮ್ಮೆಲ್ಲರಿಗಿಂತ ಚೆನ್ನಾಗಿ ಕುಣಿಯೋನು ಅವನೇ. ಆದರೆ ಎರಡು ದಿನವೂ ಲ್ಯಾಪ್‌ಟಾಪ್ ತೆರೆದುಕೊಂಡು ಮೂಲೆಯಲ್ಲೇ ಕೂತಿದ್ದ. ಏನೋ ಪ್ರೊಡಕ್ಷನ್ ಇಶ್ಯೂ ಇರಬೇಕು ಅಂದುಕೊಂಡೆ. ಮೂರನೇ ದಿನ ಟೀ ಕುಡಿಯುವಾಗ ಕೇಳಿದೆ, ‘ಏನೋ, ಹಾಡು ಇಷ್ಟ ಇಲ್ವಾ?’

‘ಇಷ್ಟ ಉಂಟು ಮಾರಾಯ್ತಿ. ಅದೇ ಸಮಸ್ಯೆ’ ಅಂದ. ‘ಇದು ನಮ್ಮ ಪಾಟಿ ಕತೆ. ಸಿಲೋನಿನ ಟೀ ತೋಟದಲ್ಲಿ ಹುಟ್ಟಿ, ಅಲ್ಲಿಂದ ಇಲ್ಲಿಗೆ ಕಳಿಸಲ್ಪಟ್ಟು, ಇಲ್ಲಿ ರಬ್ಬರ್ ಹಾಲು ತೆಗೆದು ನಮ್ಮನ್ನೆಲ್ಲ ಸಾಕಿದವರು. ಅವರ ಕತೆಗೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹೇಗೆ ಕುಣಿಯೋದು ಅಂತ ಗೊತ್ತಾಗ್ತಾ ಇಲ್ಲ.’

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವನೇ ಮುಂದುವರಿಸಿದ. ‘ಆದರೆ ಒಂದು ಮಾತು. ಈ ಹಾಡು ಇಲ್ಲದೇ ಹೋಗಿದ್ರೆ ನಾಲ್ಕು ವರ್ಷದಿಂದ ಪಕ್ಕದ ಸೀಟಲ್ಲಿ ಕೂತಿರೋ ನೀನು ನಮ್ಮ ಪಾಟಿ ಬಗ್ಗೆ ಕೇಳ್ತಿದ್ಯಾ?’

ಕೇಳ್ತಿರಲಿಲ್ಲ. ಆ ಸಂಜೆಯಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಅಜ್ಜಿಯ ಕತೆ, ಮೊಮ್ಮಗನ ರ‍್ಯಾಪ್

‘ಎಂಜಾಯ್ ಎಂಜಾಮಿ’ ಬಂದದ್ದು 2021ರ ಮಾರ್ಚ್‌ನಲ್ಲಿ. ಹಾಡಿದವರು ಧೀ ಮತ್ತು ಅರಿವು. ನಿರ್ಮಾಣ ಸಂತೋಷ್ ನಾರಾಯಣನ್ ಅವರದು. ‘ಎಂಜಾಮಿ’ ಅಂದರೆ ‘ನನ್ನ ಸ್ವಾಮಿ’ ಅನ್ನೋದರ ಆಡುಮಾತಿನ ರೂಪ. ಕೂಲಿಯಾಳು ಒಡೆಯನನ್ನು ಹಾಗೆ ಕರೆಯಬಹುದು, ಅಜ್ಜಿ ಮೊಮ್ಮಗನನ್ನೂ ಮುದ್ದಿನಿಂದ ಹಾಗೆ ಕರೆಯಬಹುದು. ನಾವು ಮಾತ್ರ ಅದನ್ನು ಇಂಗ್ಲಿಷಿನ ‘ಎಂಜಾಯ್’ ಜೊತೆ ಪ್ರಾಸ ಕೂಡಿಸಿ ಪಾರ್ಟಿ ಹಾಡು ಮಾಡಿಕೊಂಡೆವು.

ಹಾಡಿನ ಬೇರು ಅರಿವು ಅವರ ಅಜ್ಜಿಯ ಬದುಕಿನಲ್ಲಿದೆ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಬಡವರನ್ನು, ಅದರಲ್ಲೂ ದಲಿತರನ್ನು, ಸಿಲೋನಿನ ಕಾಫಿ ಮತ್ತು ಟೀ ತೋಟಗಳಿಗೆ ಕೂಲಿಗೆ ಒಯ್ದರು. ಅವರು ಕಾಡು ಕಡಿದರು, ತೋಟ ಕಟ್ಟಿದರು, ಎರಡು ಮೂರು ತಲೆಮಾರು ಅಲ್ಲೇ ಕಳೆದರು. ಸಿಲೋನಿಗೆ ಸ್ವಾತಂತ್ರ್ಯ ಬಂದ 1948ರಲ್ಲೇ ಅಲ್ಲಿನ ಪೌರತ್ವ ಕಾಯ್ದೆ ಇವರಲ್ಲಿ ಲಕ್ಷಾಂತರ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. ಅದರ ಪ್ರಕಾರ 5,25,000 ಜನರನ್ನು ಭಾರತ ತೆಗೆದುಕೊಳ್ಳಬೇಕು, 3 ಲಕ್ಷ ಜನರಿಗೆ ಸಿಲೋನ್ ಪೌರತ್ವ ಕೊಡಬೇಕು. ಮನುಷ್ಯರನ್ನು ಚೀಲದ ಹಾಗೆ ಎಣಿಸಿ ಹಂಚಿಕೊಂಡದ್ದು ಇದು.

ಬಂದವರಲ್ಲಿ ಹಲವರು ನೀಲಗಿರಿಯ ಟೀ ತೋಟ ಸೇರಿದರು. ಇನ್ನು ಕೆಲವರು ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ಬಂದರು. ಅವರಿಗೆ ಬದುಕು ಕಟ್ಟಿಕೊಡಲು ಅಂತಲೇ ಸರ್ಕಾರ ಅಲ್ಲಿ ರಬ್ಬರ್ ತೋಟ ಬೆಳೆಸಿತು. ಇವತ್ತಿಗೂ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳಲ್ಲಿ ದುಡಿಯುವ ಕುಟುಂಬಗಳಿವೆ. ಮಂಗಳೂರು, ಸುಬ್ರಹ್ಮಣ್ಯ ಅಂತ ವೀಕೆಂಡ್ ಟ್ರಿಪ್ ಹೋಗುವಾಗ ಬೆಳ್ಳಗಿನ ಕಾಂಡದ ಮರಗಳ ಸಾಲು, ಮರಕ್ಕೊಂದು ಚಿಪ್ಪು ಕಟ್ಟಿದ್ದು ನೋಡಿರ್ತೀರಿ. ನಾನೂ ಎಷ್ಟೋ ಸಲ ಕಾರು ನಿಲ್ಲಿಸಿ ಫೋಟೊ ತೆಗೆದಿದ್ದೇನೆ. ಬೆಳಕು ಹರಿಯುವ ಮೊದಲೇ ಎದ್ದು ಆ ಮರಗಳಿಗೆ ಗೀರು ಹಾಕುವ ಕೈಗಳು ಯಾರವು ಅಂತ ಕೇಳಿಕೊಂಡಿರಲಿಲ್ಲ.

ನಾಲ್ಕೂ ಚಿಲ್ಲರೆ ನಿಮಿಷದ ಒಂದು ಹಾಡು ನನ್ನನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಯ್ತು. ಅದು ಅದರ ಶಕ್ತಿ. ಶಾಲೆಯ ಯಾವ ಪಾಠವೂ ಇಷ್ಟು ಮಾಡಿರಲಿಲ್ಲ.

ಕವರ್‌ನಲ್ಲಿ ಯಾರಿದ್ದಾರೆ?

ಅರಕ್ಕೋಣಂನಿಂದ ಬಂದ ಅರಿವು ಪಾಪ್ ಸ್ಟಾರ್ ಆಗೋ ಮೊದಲೇ ‘ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ಅನ್ನೋ ತಂಡದಲ್ಲಿ ಹಾಡುತ್ತಿದ್ದವರು. ಜಾತಿಯ ಬಗ್ಗೆ ನೇರವಾಗಿ, ಚೆನ್ನೈನ ಗಾನಾ ಶೈಲಿಯಲ್ಲಿ, ರ‍್ಯಾಪ್ ಬೆರೆಸಿ ಹಾಡೋ ಈ ತಂಡದ ಹಿಂದೆ ಇದ್ದವರು ಸಿನಿಮಾ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ.

‘ಎಂಜಾಮಿ’ ದೊಡ್ಡ ಹಿಟ್ ಆಯ್ತು. 2021ರ ಆಗಸ್ಟ್‌ನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಈ ಹಾಡಿನ ಪ್ರಸ್ತಾಪ ಬಂತು. ಚಿತ್ರದಲ್ಲಿ ಧೀ ಇದ್ದರು, ಇನ್ನೊಬ್ಬ ಗಾಯಕ ಶಾನ್ ವಿನ್ಸೆಂಟ್ ಡಿ ಪಾಲ್ ಇದ್ದರು. ಹಾಡು ಬರೆದ, ಹಾಡಿದ ಅರಿವು ಇರಲಿಲ್ಲ. ಪಾ. ರಂಜಿತ್ ಬಹಿರಂಗವಾಗಿ ಆಕ್ಷೇಪ ಎತ್ತಿದರು, ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಗಲಾಟೆಯಾಯ್ತು. ಆಮೇಲೆ ಪತ್ರಿಕೆ ಅರಿವು ಅವರಿಗಾಗಿ ಪ್ರತ್ಯೇಕ ಡಿಜಿಟಲ್ ಕವರ್ ತಂದಿತು.

ಮರುವರ್ಷ, 2022ರ ಜುಲೈ 28ರಂದು ಚೆನ್ನೈನಲ್ಲಿ ಚೆಸ್ ಒಲಿಂಪಿಯಾಡ್ ಉದ್ಘಾಟನೆ. ಜಗತ್ತಿನ ಎದುರು ‘ಎಂಜಾಮಿ’ ಮೊಳಗಿತು. ವೇದಿಕೆಯಲ್ಲಿ ಧೀ ಮತ್ತು ಜಾನಪದ ಗಾಯಕಿ ಕಿಡಾಕುಳಿ ಮಾರಿಯಮ್ಮಾಳ್. ಆಗಲೂ ಅರಿವು ಇರಲಿಲ್ಲ. ಹಾಡನ್ನು ಕಟ್ಟಿದ್ದು, ಬರೆದದ್ದು, ಹಾಡಿದ್ದು ತಾನು ಅಂತ ಅವರು ಇನ್‌ಸ್ಟಾಗ್ರಾಂನಲ್ಲಿ ನೊಂದು ಬರೆದುಕೊಂಡರು.

ಇಲ್ಲಿ ಇನ್ನೊಂದು ಬದಿಯೂ ಇದೆ. ತಾನು ಪ್ರತಿ ಸಲವೂ ಅರಿವು ಅವರ ಪಾತ್ರವನ್ನು ಹೇಳುತ್ತಲೇ ಬಂದಿದ್ದೇನೆ ಅಂದರು ಧೀ. ಹಾಡು ಮೂವರೂ ಕೂಡಿ ಮಾಡಿದ್ದು, ಹಕ್ಕು ಮತ್ತು ಆದಾಯದಲ್ಲಿ ಮೂವರಿಗೂ ಸಮಪಾಲು, ಚೆಸ್ ಕಾರ್ಯಕ್ರಮದ ಹೊತ್ತಿಗೆ ಅರಿವು ಅಮೆರಿಕದಲ್ಲಿದ್ದರು ಅಂದರು ಸಂತೋಷ್ ನಾರಾಯಣನ್. 2024ರಲ್ಲಿ ಅದೇ ಸಂತೋಷ್ ನಾರಾಯಣನ್, ಈ ಹಾಡಿನಿಂದ ತಮಗ್ಯಾರಿಗೂ ಹಣವೇ ಬಂದಿಲ್ಲ ಅಂತ ಬಹಿರಂಗವಾಗಿ ಹೇಳಿಕೊಂಡರು.

ಹಾಗಾಗಿ ಇದನ್ನು ಒಬ್ಬ ಒಳ್ಳೆಯವನು, ಇನ್ನೊಬ್ಬ ಕೆಟ್ಟವನು ಅಂತ ಸಿನಿಮಾ ಕತೆ ಮಾಡೋಕೆ ನಾನು ತಯಾರಿಲ್ಲ. ಧೀ ಅವರ ಸ್ವರವಿಲ್ಲದೆ, ಸಂತೋಷ್ ಅವರ ಸಂಗೀತವಿಲ್ಲದೆ ಆ ಹಾಡು ನಮ್ಮ ಕೆಫೆಟೇರಿಯಾಕ್ಕೆ ಬರುತ್ತಿರಲಿಲ್ಲ. ಆದರೂ ಒಂದು ಮಾತು ಚುಚ್ಚುತ್ತೆ. ನೆಲ ಹದ ಮಾಡಿದವರಿಗೆ ನೆಲ ಸಿಗಲಿಲ್ಲ ಅನ್ನೋದು ಆ ಹಾಡಿನ ನೋವು. ಆ ಹಾಡಿಗೇ ಹಾಗಾಗಬಾರದಿತ್ತು.

ನ್ಯೂಯಾರ್ಕಿನಲ್ಲಿ ಬಂಗಾಳದ ಅಳಲು

ಸಮಾಜದ ನೋವನ್ನು ಸ್ಟಾರ್‌ಗಳು ಹಾಡಿದಾಗ ಏನೇನಾಗುತ್ತೆ ಅನ್ನೋದಕ್ಕೆ ಹಳೆಯ ಉದಾಹರಣೆಗಳಿವೆ. ನನಗೆ ಅತ್ಯಂತ ಇಷ್ಟವಾದದ್ದು 1971ರದ್ದು.

ಪೂರ್ವ ಬಂಗಾಳದಲ್ಲಿ ಮೊದಲು ಚಂಡಮಾರುತ, ಆಮೇಲೆ ಯುದ್ಧ. ಸುಮಾರು ಒಂದು ಕೋಟಿ ಜನ ಭಾರತಕ್ಕೆ ನಿರಾಶ್ರಿತರಾಗಿ ಬಂದರು. ಪಂಡಿತ್ ರವಿಶಂಕರ್ ಅವರ ಮನೆತನದ ಮೂಲ ಅಲ್ಲಿಯದೇ. ಅವರು ಗೆಳೆಯ ಜಾರ್ಜ್ ಹ್ಯಾರಿಸನ್ ಹತ್ತಿರ ಏನಾದರೂ ಮಾಡೋಣ ಅಂದರು. ಹ್ಯಾರಿಸನ್ ಬೀಟಲ್ಸ್ ತಂಡದವರು, ಫೋನ್ ಮಾಡಿದರೆ ಯಾರೂ ಇಲ್ಲ ಅನ್ನದಷ್ಟು ದೊಡ್ಡ ಹೆಸರು. ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎರಡು ಪ್ರದರ್ಶನ ನಡೆದವು. ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್, ರಿಂಗೋ ಸ್ಟಾರ್ ಬಂದರು.

ಕಾರ್ಯಕ್ರಮ ಶುರುವಾದದ್ದು ಇವರಿಂದಲ್ಲ. ಮೊದಲು ಕೂತವರು ರವಿಶಂಕರ್, ಸರೋದ್‌ಗೆ ಅಲಿ ಅಕ್ಬರ್ ಖಾನ್, ತಬಲಾಗೆ ಅಲ್ಲಾರಖಾ. ವಾದ್ಯ ಶ್ರುತಿ ಮಾಡಿಕೊಳ್ಳುತ್ತಿದ್ದಾಗಲೇ ಜನ ಅದೇ ಸಂಗೀತ ಅಂದುಕೊಂಡು ಚಪ್ಪಾಳೆ ಹೊಡೆದರಂತೆ. ಶ್ರುತಿಯೇ ಇಷ್ಟು ಹಿಡಿಸಿದ್ದರೆ ಸಂಗೀತ ಇನ್ನೂ ಹಿಡಿಸಬಹುದು ಅಂತ ರವಿಶಂಕರ್ ತಮಾಷೆ ಮಾಡಿದರು. ನಗು ಬರುತ್ತೆ, ನಿಜ. ಆದರೆ ನೋಡಿ, ಯಾರ ಮನೆಗೆ ಬೆಂಕಿ ಬಿದ್ದಿತ್ತೋ ಆ ಮನೆಯವರೇ ಮೊದಲು ವೇದಿಕೆಯಲ್ಲಿದ್ದರು. ಸ್ಟಾರ್‌ಗಳು ಆಮೇಲೆ ಬಂದರು.

ಗೇಟಿನಲ್ಲಿ ಬಂದ ಸುಮಾರು ಎರಡೂವರೆ ಲಕ್ಷ ಡಾಲರ್ ಯುನಿಸೆಫ್‌ಗೆ ಹೋಯ್ತು. ಆದರೆ ಕಾರ್ಯಕ್ರಮದ ಆಲ್ಬಂ ಮತ್ತು ಸಿನಿಮಾದಿಂದ ಬಂದ ದೊಡ್ಡ ಮೊತ್ತ ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ಸಹಾಯಾರ್ಥ ಕಾರ್ಯಕ್ರಮ ಅಂತ ಮೊದಲೇ ಕಾಗದಪತ್ರ ಸರಿಯಾಗಿ ಮಾಡಿಸಿರಲಿಲ್ಲ. ಹಸಿದವನಿಗೆ ಇವತ್ತು ಬೇಕಾದ ಅನ್ನ ಹತ್ತು ವರ್ಷದ ಮೇಲೆ ಬಂದರೆ ಏನು ಪ್ರಯೋಜನ? ಮನಸ್ಸು ದೊಡ್ಡದಿದ್ದರಷ್ಟೇ ಸಾಲದು, ಲೆಕ್ಕವೂ ನೆಟ್ಟಗಿರಬೇಕು.

ಪ್ರಶ್ನೆಯೇ ತಪ್ಪಾದ ಹಾಡು

ಹದಿಮೂರು ವರ್ಷದ ನಂತರ ಇಥಿಯೋಪಿಯಾದಲ್ಲಿ ಭೀಕರ ಬರ. ಬಿಬಿಸಿಯಲ್ಲಿ ಬಂದ ದೃಶ್ಯ ನೋಡಿ ಕದಡಿಹೋದ ಐರಿಷ್ ಗಾಯಕ ಬಾಬ್ ಗೆಲ್ಡಾಫ್, ಮಿಜ್ ಯೂರ್ ಜೊತೆ ಸೇರಿ 1984ರ ನವೆಂಬರ್‌ನಲ್ಲಿ ಬ್ರಿಟನ್ನಿನ ದೊಡ್ಡ ದೊಡ್ಡ ಹಾಡುಗಾರರನ್ನು ಒಂದೇ ಸ್ಟುಡಿಯೊದಲ್ಲಿ ಕೂಡಿಸಿದರು. ‘ಬ್ಯಾಂಡ್ ಏಡ್’ ಹೆಸರಿನ ಆ ತಂಡದ ‘ಡು ದೇ ನೋ ಇಟ್ಸ್ ಕ್ರಿಸ್‌ಮಸ್?’ ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಆಯ್ತು. 1985ರ ಜುಲೈ 13ರಂದು ಲಂಡನ್ ಮತ್ತು ಫಿಲಡೆಲ್ಫಿಯಾದಲ್ಲಿ ‘ಲೈವ್ ಏಡ್’ ಕಾರ್ಯಕ್ರಮವೂ ನಡೆಯಿತು. ಕೋಟಿಗಟ್ಟಲೆ ಹಣ ಬಂತು.

ಆದರೆ ಆ ಹಾಡಿನ ಶೀರ್ಷಿಕೆ ಕೇಳೋ ಪ್ರಶ್ನೆ ನೋಡಿ. ಅವರಿಗೆ ಕ್ರಿಸ್‌ಮಸ್ ಅಂತ ಗೊತ್ತಾ? ಇಥಿಯೋಪಿಯಾಕ್ಕೆ ಕ್ರೈಸ್ತ ಧರ್ಮ ಬಂದದ್ದು ನಾಲ್ಕನೇ ಶತಮಾನದಲ್ಲಿ, ಇಂಗ್ಲೆಂಡ್ ಪೂರ್ತಿ ಕ್ರೈಸ್ತವಾಗೋದಕ್ಕಿಂತ ಎಷ್ಟೋ ಮೊದಲು. ಅವರ ಕ್ರಿಸ್‌ಮಸ್ ಜನವರಿ 7ಕ್ಕೆ. ಹನಿ ನೀರಿಲ್ಲದ ಬರಡು ನಾಡು ಅನ್ನೋ ಚಿತ್ರ ಹಾಡಿನಲ್ಲಿದೆ. ನೀಲಿ ನೈಲ್ ನದಿ ಹುಟ್ಟೋದೇ ಇಥಿಯೋಪಿಯಾದಲ್ಲಿ. ಬರದ ಜೊತೆ ಅಂತರ್ಯುದ್ಧವೂ, ಅಲ್ಲಿನ ಮಿಲಿಟರಿ ಸರ್ಕಾರದ ಕ್ರೌರ್ಯವೂ ಜನರನ್ನು ಕೊಂದವು ಅನ್ನೋದು ಹಾಡಿನಲ್ಲಿ ಎಲ್ಲೂ ಇಲ್ಲ.

2014ರಲ್ಲಿ ಎಬೋಲಾ ಪರಿಹಾರಕ್ಕೆ ಅದೇ ಹಾಡನ್ನು ಮತ್ತೆ ಮಾಡಿದಾಗ ಘಾನಾ ಮೂಲದ ಬ್ರಿಟಿಷ್ ಗಾಯಕ ಫ್ಯೂಸ್ ಒಡಿಜಿ ನಾನು ಹಾಡಲ್ಲ ಅಂದರು. ಆಫ್ರಿಕಾ ಅಂದರೆ ಬರೀ ಹಸಿವು, ರೋಗ ಅನ್ನೋ ಚಿತ್ರವನ್ನೇ ಇದು ಗಟ್ಟಿ ಮಾಡುತ್ತೆ ಅನ್ನೋದು ಅವರ ವಾದ. ಆಗ ಹಾಡಿದ್ದ ಎಡ್ ಶೀರನ್, ಹತ್ತು ವರ್ಷದ ನಂತರ 2024ರಲ್ಲಿ ಹಾಡಿನ ಹೊಸ ಆವೃತ್ತಿ ಬಂದಾಗ, ನನ್ನನ್ನು ಕೇಳಿದ್ದರೆ ನನ್ನ ಧ್ವನಿ ಬಳಸೋಕೆ ಒಪ್ಪುತ್ತಿರಲಿಲ್ಲ ಅಂದರು. ಈ ಹಾಡಿನಿಂದ ಲಕ್ಷಾಂತರ ಜೀವ ಉಳಿದಿವೆ ಅನ್ನೋದು ಗೆಲ್ಡಾಫ್ ಅವರ ಉತ್ತರ.

ಇಬ್ಬರೂ ನಿಜ ಹೇಳ್ತಿದ್ದಾರೆ ಅಂತಲೇ ನನಗನ್ನಿಸೋದು. ಆ ದುಡ್ಡಿನಿಂದ ಯಾವುದೋ ಮಗು ಬದುಕಿತು. ಅದೇ ಮಗು ದೊಡ್ಡದಾಗಿ ಲಂಡನ್ನಿಗೆ ಓದೋಕೆ ಹೋದಾಗ, ‘ಓ ನೀನು ಆ ಹಸಿದವರ ದೇಶದವನಾ’ ಅಂತ ಕೇಳಿಸಿಕೊಂಡಿರಲೂಬಹುದು. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸೋಕಾಗಲ್ಲ.

‘ಅವರಿಗೇನು, ದುಡ್ಡಿದೆ’

ನಮ್ಮಪ್ಪನ ಮುಂದೆ ಇಂಥ ವಿಷಯ ಎತ್ತಿದರೆ ಒಂದೇ ಮಾತು: ‘ಅವರಿಗೇನಮ್ಮ, ದುಡ್ಡಿದೆ, ಹಾಡ್ತಾರೆ.’

ಅಪ್ಪನ ಮಾತಿಗೆ ಪುಷ್ಟಿ ಕೊಡೋ ಉದಾಹರಣೆಗಳು ಬೇಕಾದಷ್ಟಿವೆ. ಯು2 ತಂಡದ ಬೋನೋ ಬಡ ದೇಶಗಳ ಸಾಲ ಮನ್ನಾ ಆಗಬೇಕು ಅಂತ ವರ್ಷಗಟ್ಟಲೆ ಓಡಾಡಿದವರು, ಅಧ್ಯಕ್ಷರು ಪ್ರಧಾನಿಗಳನ್ನು ಬೆನ್ನು ಹತ್ತಿದವರು. 2005ರಲ್ಲಿ ಶ್ರೀಮಂತ ದೇಶಗಳು ಸಾಲ ಮನ್ನಾಕ್ಕೆ ಒಪ್ಪಿದ್ದರ ಹಿಂದೆ ಇಂಥವರ ಒತ್ತಡವೂ ಇತ್ತು. ಮರುವರ್ಷ, ಐರ್ಲೆಂಡ್ ಕಲಾವಿದರ ತೆರಿಗೆ ವಿನಾಯಿತಿಗೆ ಮಿತಿ ಹಾಕಿದಾಗ, ಅದೇ ಯು2 ತನ್ನ ಹಾಡುಗಳ ಪ್ರಕಟಣೆಯ ವ್ಯವಹಾರವನ್ನು ನೆದರ್‌ಲೆಂಡ್ಸ್‌ಗೆ ಸಾಗಿಸಿತು. ಕಾನೂನಿನ ಪ್ರಕಾರ ತಪ್ಪಲ್ಲ. ಆದರೆ ಬಡವರಿಗೆ ಸರ್ಕಾರಗಳು ಹೆಚ್ಚು ಕೊಡಬೇಕು ಅಂದವರು ಸರ್ಕಾರಕ್ಕೆ ಕಡಿಮೆ ಕೊಟ್ಟರು. ಐರ್ಲೆಂಡಿನ ಜನಕ್ಕೆ ಸಿಟ್ಟು ಬಂದದ್ದು ಸಹಜ.

ಹಾಗಂತ ಸಾಲ ಮನ್ನಾ ಸುಳ್ಳಾಗುತ್ತಾ? ಇಲ್ಲ. ಬೋನೋ ಅವರ ಹಾಡು ಕೆಟ್ಟದಾಗುತ್ತಾ? ಅದೂ ಇಲ್ಲ. ಗಾಯಕ ಸಂತನಾಗಿರಲಿ ಅಂತ ಕಾಯುತ್ತಾ ಕೂತರೆ ಯಾವ ಹಾಡನ್ನೂ ಕೇಳೋಕಾಗಲ್ಲ. ಇಎಂಐ ಕಟ್ಟಿಕೊಂಡು, ಟ್ಯಾಕ್ಸ್ ಉಳಿಸೋಕೆ ಮಾರ್ಚ್‌ನಲ್ಲಿ ಪಾಲಿಸಿ ಹುಡುಕೋ ನಾನು ಬೇರೆಯವರ ಶುದ್ಧತೆ ಅಳೆಯೋದೂ ಅಷ್ಟೇನೂ ಚೆನ್ನಾಗಿಲ್ಲ. ಹಾಗಾಗಿ ‘ಇವನು ಪ್ರಾಮಾಣಿಕನಾ?’ ಅನ್ನೋ ಪ್ರಶ್ನೆಯನ್ನು ಈಗ ಕೇಳೋದು ಬಿಟ್ಟಿದ್ದೇನೆ. ಬದಲಿಗೆ ಬೇರೆ ಮೂರು ಕೇಳ್ತೀನಿ. ಇದು ಯಾರ ಕತೆ? ಅವರ ಹೆಸರು ಎಲ್ಲಿದೆ? ಇದರಿಂದ ಬಂದದ್ದರಲ್ಲಿ ಅವರಿಗೆ ಪಾಲು ಇದೆಯಾ?

ಕೇಳುವವರೂ ಸಾಚಾ ಅಲ್ಲ

ಸ್ಟಾರ್‌ಗಳನ್ನು ಬೈಯೋದು ಸುಲಭ. ನಾವು ಹೇಗೆ ಕೇಳ್ತೀವಿ?

ಅಮೆರಿಕದಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1984ರಲ್ಲಿ ‘ಬಾರ್ನ್ ಇನ್ ದಿ ಯುಎಸ್‌ಎ’ ಹಾಡಿದರು. ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದು ಕೆಲಸವಿಲ್ಲದೆ ಅಲೆಯೋ ಸೈನಿಕನ ಸಂಕಟ ಅದು. ಪಲ್ಲವಿಯ ಅಬ್ಬರ ಕೇಳಿದ ಬಹಳ ಜನ ಅದನ್ನು ದೇಶಭಕ್ತಿ ಗೀತೆ ಅಂದುಕೊಂಡು ಬಾವುಟ ಬೀಸಿದರು. ಅದೇ ವರ್ಷ ಅಧ್ಯಕ್ಷ ರೇಗನ್ ತಮ್ಮ ಚುನಾವಣಾ ಭಾಷಣದಲ್ಲೇ ಸ್ಪ್ರಿಂಗ್‌ಸ್ಟೀನ್ ಅವರನ್ನು ಹೊಗಳಿದರು. ಕೂಲಿಂಗ್ ಗ್ಲಾಸ್ ಹಾಕಿಕೊಂಡು ‘ಎಂಜಾಮಿ’ಗೆ ಕುಣಿದ ನಾವು ಅವರಿಗಿಂತ ಬೇರೆಯೇನಲ್ಲ.

ನಮ್ಮಲ್ಲೂ ನೋವನ್ನು ಹಾಡಿದವರಿದ್ದಾರೆ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ, ಹಳ್ಳಿಯ ಕಟ್ಟೆಗಳ ಮೇಲೆ, ತಮಟೆ ಜೊತೆ ಅವರ ಹಾಡುಗಳು ಮೊಳಗಿದವು. ಕವರ್ ಫೋಟೊ ಇರಲಿಲ್ಲ, ರಾಯಲ್ಟಿ ಜಗಳ ಇರಲಿಲ್ಲ. ಹಾಡಿದವರು ಮತ್ತು ಹಾಡಿನಲ್ಲಿದ್ದವರು ಒಂದೇ ಮೆರವಣಿಗೆಯಲ್ಲಿ ನಡೆದರು. ಪಾಪ್ ಹಾಡಿಗೆ ಈ ಹತ್ತಿರ ಸಾಧ್ಯವಿಲ್ಲ. ಆದರೆ ಆ ಮೆರವಣಿಗೆ ಕೆಫೆಟೇರಿಯಾದ ಒಳಗೆ ಬಂದಿರಲಿಲ್ಲ. ‘ಎಂಜಾಮಿ’ ಬಂತು. ದೂರ ಹೋಗೋ ಹಾಡು ದಾರಿಯಲ್ಲಿ ಏನನ್ನೋ ಕಳೆದುಕೊಳ್ಳುತ್ತೆ. ಕಳೆದದ್ದನ್ನು ಹುಡುಕಿ ಕೊಡೋ ಕೆಲಸದಲ್ಲಿ ಸ್ವಲ್ಪ ಪಾಲು ಕೇಳುವವರದೂ ಇದೆ.

ಆಮೇಲೆ ಏನಾಯ್ತು

ನಾವು ಹಾಡು ಬದಲಿಸಲಿಲ್ಲ. ಕೂಲಿಂಗ್ ಗ್ಲಾಸ್ ಬಿಟ್ಟೆವು. ಡ್ಯಾನ್ಸ್ ಮೊದಲು ಒಂದು ನಿಮಿಷ ಈ ಹಾಡು ಯಾರದು, ಯಾರ ಬಗ್ಗೆ ಅಂತ ಹೇಳೋಣ ಅಂದೆ. ಎಚ್‌ಆರ್‌ನಿಂದ ‘ಪ್ಲೀಸ್, ಸ್ವಲ್ಪ ಲೈಟ್ ಆಗಿ ಇಡಿ’ ಅಂತ ಮೆಸೇಜ್ ಬಂತು. ಒಂದು ನಿಮಿಷ ಅರ್ಧ ನಿಮಿಷ ಆಯ್ತು.

ಆ ಅರ್ಧ ನಿಮಿಷ ಮೈಕ್ ಹಿಡಿದವನು ಸುಳ್ಯದ ಹುಡುಗನೇ. ಅರಿವು, ಧೀ, ಸಂತೋಷ್ ನಾರಾಯಣನ್, ಮೂರೂ ಹೆಸರು ಹೇಳಿದ. ಟೀ ತೋಟ, ರಬ್ಬರ್ ತೋಟ ಅಂದ. ‘ನಮ್ಮ ಪಾಟಿಯೂ ಹಾಗೇ ಬಂದವರು’ ಅಂದ. ಮುಂದಿನ ಸಾಲಿನಲ್ಲಿ ಕೆಲವರು ಫೋನ್ ನೋಡುತ್ತಲೇ ಇದ್ದರು. ಹಿಂದಿನ ಸಾಲಿನಿಂದ ಹೌಸ್‌ಕೀಪಿಂಗ್‌ನ ಒಬ್ಬರು ಅಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರೂ ತಮಿಳಿನವರು ಅಂತ ನನಗೆ ಅವತ್ತೇ ಗೊತ್ತಾದದ್ದು. ಆಮೇಲೆ ಇವನು ಕುಣಿದ ನೋಡಿ, ನಾವೆಲ್ಲ ಪಕ್ಕಕ್ಕೆ ಸರಿದು ಜಾಗ ಬಿಟ್ಟೆವು.

ಇದರಿಂದ ಏನೋ ದೊಡ್ಡದು ಬದಲಾಯ್ತು ಅಂತ ಹೇಳೋಕೆ ನನಗೆ ಧೈರ್ಯವಿಲ್ಲ. ತೋಟದ ಕೂಲಿ ಒಂದು ರೂಪಾಯಿಯೂ ಜಾಸ್ತಿಯಾಗಲಿಲ್ಲ. ನಮಗೆ ಸೆಕೆಂಡ್ ಪ್ರೈಜ್ ಬಂತು, ಅಷ್ಟೇ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಅವನು ಆ ವಿಡಿಯೊ ಪಾಟಿಗೆ ತೋರಿಸಿದನಂತೆ, ಜೊತೆಗೆ ಅಸಲಿ ಹಾಡನ್ನೂ. ಮೊಮ್ಮಗನ ಕುಣಿತ ನೋಡಿ ಅವರು ನಕ್ಕರಂತೆ. ಹಾಡು ಮುಗಿಯೋವರೆಗೆ ಏನೂ ಮಾತಾಡಲಿಲ್ಲವಂತೆ. ಆಮೇಲೆ ಸ್ಕ್ರೀನ್ ಮೇಲೆ ಬೆರಳಿಟ್ಟು ಅರಿವು ಅವರನ್ನು ತೋರಿಸಿ ಒಂದೇ ಪ್ರಶ್ನೆ ಕೇಳಿದರಂತೆ:

‘ಈ ಹುಡುಗ ಯಾರ ಮನೆಯವನಪ್ಪಾ? ಹೆಸರೇನು?’